ಫಿಲಿಪ್ ಮೆಡೋಸ್ ಟೇಲರ್

ಫಿಲಿಪ್ ಮೆಡೋಸ್ ಟೇಲರ್ (25 ಸೆಪ್ಟೆಂಬರ್ 1808 – 13 ಮೇ 1876) ಹೈದರಾಬಾದಿನ ನಿಜಾಮನ ಸೇವೆಯಲ್ಲಿದ್ದ ಆಂಗ್ಲ ಸೇನಾಧಿಕಾರಿ, ಆಡಳಿತಗಾರ, ಕಾದಂಬರಿಕಾರ ಹಾಗೂ ಪ್ರಾಕ್ತನ ಸಂಶೋಧಕ. ರಾಯಚೂರು, ಮಾನ್ವಿ, ದೇವದುರ್ಗ, ಲಿಂಗಸುಗೂರುಗಳನ್ನೊಳಗೊಂಡ ಕೃಷ್ಣಾ-ತುಂಗಭದ್ರಾ ನಡುವಣ ದೋಆಬ್ ಪ್ರದೇಶ ಮತ್ತು ದೇವದುರ್ಗಕ್ಕೆ ಕೃಷ್ಣೆಯ ಆಚೆ ದಡದಲ್ಲಿರುವ ಸುರಪುರ ಸೀಮೆಯ ಚರಿತ್ರೆ, ಜನಜೀವನಗಳನ್ನು ಹೊರದೇಶದ ಓದುಗರಿಗೆ ಪರಿಚಯಿಸಿದ ಮೊದಲಿಗರಲ್ಲಿ ಈತನೂ ಒಬ್ಬ.

ಆರಂಭಿಕ ಜೀವನ

ಟೇಲರ್ ಹುಟ್ಟಿದ್ದು ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ಮುಂಬಯಿಯ ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆಂದು 1824ರಲ್ಲಿ, ಇನ್ನೂ ಹದಿನೈದರ ಹುಡುಗನಾಗಿದ್ದಾಗ, ಭಾರತಕ್ಕೆ ಬಂದ. ಅಲ್ಲಿ ಹೆಚ್ಚು ಕಾಲ ನಿಲ್ಲದೆ ನಿಜಾಮನ ಸೈನ್ಯವನ್ನು ಸೇರಿದ. ಕ್ರಮಬದ್ಧ ಶಿಕ್ಷಣ ಹೆಚ್ಚಿಲ್ಲದಿದ್ದರೂ ಸ್ವಪ್ರಯತ್ನದಿಂದ ದೇಶಭಾಷೆ, ಕಾನೂನು, ಭೂಮಾಪನಗಳನ್ನು ಕಲಿತುಕೊಂಡ.

ಸುರಪುರದಲ್ಲಿ

1841ರಲ್ಲಿ ಟೇಲರನನ್ನು ಬೇಡ ನಾಯಕ ಅರಸರ ಸುರಪುರ ಸಂಸ್ಥಾನಕ್ಕೆ ಕಳುಹಿಸಲಾಯಿತು. ಅರಸ ಕೃಷ್ಣಪ್ಪ ನಾಯಕ ತೀರಿಕೊಂಡ ಮೇಲೆ ಬಾಲಕ ವೆಂಕಟಪ್ಪ ನಾಯಕನ ಹೆಸರಿನಲ್ಲಿ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳುವ ಹೊಣೆ ಈತನಿಗೆ ಬಂತು. ಅಧಿಕಾರಕ್ಕಾಗಿ ರಾಣಿ ಈಶ್ವರಮ್ಮನೊಡನೆ ಇದ್ದ ತಿಕ್ಕಾಟ ಕೊನೆಯವರೆಗೂ ತೀರಲಿಲ್ಲ. ಕಂದಾಯದ ಲೆಕ್ಕಪತ್ರಗಳನ್ನು ಸರಿಪಡಿಸಿದ್ದು, ಬೋನಾಳ ಕೆರೆಯನ್ನು ಸುಧಾರಿಸಿದ್ದು ಈ ಅವಧಿಯಲ್ಲಿಯೇ. ಗುಡ್ಡದ ಮೇಲೆ ಈತ ವಾಸವಿದ್ದ ಬಂಗಲೆಗೆ ಇಂದಿಗೂ ಟೇಲರ್ ಮಂಜಿಲ್ ಎಂಬ ಹೆಸರಿದೆ. ಜನರು ಈತನನ್ನು ಮಹಾದೇವ ಬಾಬಾ ಎಂದು ಕರೆಯುತ್ತಿದ್ದರು.

1853ರಲ್ಲಿ ರಾಜ್ಯವನ್ನು ಅರಸನಿಗೆ ಒಪ್ಪಿಸಿ ಟೇಲರ್ ನಳದುರ್ಗಕ್ಕೆ ಹೋದ. ಅದೇ ವರ್ಷದ ಒಪ್ಪಂದದಿಂದ ರಾಯಚೂರು ದೋಆಬ್ ಕಂಪನಿಯ ವಶವಾಯಿತು. ಐದು ವರ್ಷಗಳ ನಂತರ, 1858ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ದಂಗೆಯೆದ್ದು ಸೋತು, ಹೈದರಾಬಾದಿನಲ್ಲಿ ಸೆರೆಯಾದ. ಟೇಲರನನ್ನು ಬಾಲ್ಯದಿಂದ ಅಪ್ಪ ಎಂದೇ ಕರೆಯುತ್ತಿದ್ದ ಅರಸನನ್ನು ಈತ ಸೆರೆಮನೆಯಲ್ಲಿ ಕಂಡು ಮಾತನಾಡಿದ. ಮರಣದಂಡನೆ ರದ್ದಾಗಿ ಕೆಲವು ವರ್ಷಗಳ ಸೆರೆವಾಸವಷ್ಟೇ ಉಳಿಯಿತು. ಆದರೆ ಸೆರೆಮನೆಗೆ ಸಾಗಿಸುತ್ತಿದ್ದಾಗ ದಾರಿಯಲ್ಲಿಯೇ ಅರಸ ಗುಂಡೇಟಿನಿಂದ ಸತ್ತ. ಟೇಲರನ ಆತ್ಮಕಥೆಯ ಪ್ರಕಾರ ಅದು ಆತ್ಮಹತ್ಯೆ. ಅರಸನಿಲ್ಲದ ಸುರಪುರದ ಆಡಳಿತಕ್ಕೆ ಮತ್ತೆ ನೇಮಕವಾದದ್ದು ಟೇಲರನೇ. ತಾನು ಬೆಳೆಸಿದ ಹುಡುಗ ಮತ್ತು ತಾನು ಸೇವೆ ಸಲ್ಲಿಸಿದ ಸರ್ಕಾರ ಇವೆರಡರ ನಡುವಿನ ಇಕ್ಕಟ್ಟು ಈ ಬರಹಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆದರೂ ಬ್ರಿಟಿಷ್ ಆಳ್ವಿಕೆಯ ನ್ಯಾಯವನ್ನು ಈತ ಪ್ರಶ್ನಿಸಲಿಲ್ಲ. 1860ರಲ್ಲಿ ಸುರಪುರವೂ ದೋಆಬೂ ನಿಜಾಮನ ಪಾಲಾದವು. ಟೇಲರ್ ನಿವೃತ್ತನಾಗಿ ಸ್ವದೇಶಕ್ಕೆ ಮರಳಿದ.

ಪ್ರಾಕ್ತನ ಶೋಧನೆ

ಜೇವರ್ಗಿ ಹಾಗೂ ಸುರಪುರ ಪರಿಸರದ ಬೃಹತ್ ಶಿಲಾ ಸಮಾಧಿಗಳನ್ನು ಟೇಲರ್ ಅಗೆಸಿ ಪರೀಕ್ಷಿಸಿದ. ಶಹಾಪುರದ ಬಳಿಯ ವಿಭೂತಿಹಳ್ಳಿಯ ಸಾಲುಗಲ್ಲುಗಳನ್ನೂ ದಾಖಲಿಸಿದ. ಮಣ್ಣಿನ ಪದರಗಳನ್ನೂ ಎಲುಬು, ಮಡಕೆಗಳಿದ್ದ ಸ್ಥಾನವನ್ನೂ ತೋರಿಸುವ ಛೇದಚಿತ್ರಗಳನ್ನು ಬರೆದದ್ದು ಆ ಕಾಲಕ್ಕೆ ಅಪರೂಪದ ಕ್ರಮ. ಮುಂದೆ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಇದನ್ನು ಮೆಚ್ಚಿದ್ದಾನೆ. ಈ ಸಮಾಧಿಗಳನ್ನು ಯೂರೋಪಿನ ಕೆಲ್ಟರಿಗೂ ಸಿಥಿಯನ್ನರಿಗೂ ಜೋಡಿಸಿದ ಈತನ ಊಹೆ ಮಾತ್ರ ನಿಲ್ಲಲಿಲ್ಲ. ಅವು ದಖನ್ನಿನ ಕಬ್ಬಿಣಯುಗಕ್ಕೆ ಸೇರಿದವೆಂಬುದು ಈಗ ಒಪ್ಪಿತವಾಗಿದೆ.

ಕೃತಿಗಳು

ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿರುವ ಕನ್ಫೆಷನ್ಸ್ ಆಫ್ ಎ ಥಗ್ (1839) ಟೇಲರನಿಗೆ ಇಂಗ್ಲೆಂಡಿನಲ್ಲಿ ದೊಡ್ಡ ಹೆಸರು ತಂದಿತು. ಟಿಪ್ಪೂ ಸುಲ್ತಾನ್ (1840), ಬಿಜಾಪುರದ ಕಾಲದ ಕಥೆಯುಳ್ಳ ತಾರಾ (1863), ಸೀತಾ (1872) ಇತರ ಕಾದಂಬರಿಗಳು. ಚಾಂದ್ ಬೀಬಿಯನ್ನು ಕುರಿತ ಎ ನೋಬಲ್ ಕ್ವೀನ್ ಮರಣಾನಂತರ 1878ರಲ್ಲಿ ಪ್ರಕಟವಾಯಿತು. ರಾಯಚೂರು ಜಿಲ್ಲೆಯ ಜಲದುರ್ಗ, ಮುದಗಲ್ಲುಗಳು ಅದರಲ್ಲಿ ಕಥೆಯ ನೆಲೆಗಳಾಗಿರುವುದರಿಂದ ಈ ಭಾಗದ ಓದುಗರಿಗೆ ಅದು ವಿಶೇಷ. ವಿದ್ಯಾರ್ಥಿಗಳಿಗೆಂದೇ ಬರೆದ ಭಾರತದ ಇತಿಹಾಸದ ಕೈಪಿಡಿ 1870ರಲ್ಲಿ ಹೊರಬಂತು.

ಕೊನೆಗಾಲದಲ್ಲಿ ದೃಷ್ಟಿ ಕುಂದಿತು. 1875ರಲ್ಲಿ ಮತ್ತೊಮ್ಮೆ ಭಾರತಕ್ಕೆ ಬಂದ ಟೇಲರ್ ಜ್ವರಕ್ಕೆ ತುತ್ತಾಗಿ, ಮರಳುವ ದಾರಿಯಲ್ಲಿ ಫ್ರಾನ್ಸಿನ ಮೆಂಟನ್‌ನಲ್ಲಿ ನಿಧನನಾದ. ಮರುವರ್ಷ ಮಗಳು ಆಲಿಸ್ ತಂದೆಯ ಆತ್ಮಕಥೆಯನ್ನು ಸಂಪಾದಿಸಿ ಪ್ರಕಟಿಸಿದಳು.