ಶಾಸನಸಭೆಯಲ್ಲಿ ಗೋಖಲೆ

ಗೋಪಾಲಕೃಷ್ಣ ಗೋಖಲೆಯವರು 1866ರಲ್ಲಿ ರತ್ನಾಗಿರಿ ಜಿಲ್ಲೆಯ ಬಡ ಕುಟುಂಬವೊಂದರಲ್ಲಿ ಜನಿಸಿದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಅವರು 1902ರಲ್ಲಿ ವೈಸರಾಯರ ಶಾಸನಸಭೆಯನ್ನು ಪ್ರವೇಶಿಸಿದರು. ಅಲ್ಲಿ ಸರ್ಕಾರಿ ಸದಸ್ಯರದೇ ಬಹುಮತ. ಉಳಿದವರು ಪ್ರಶ್ನೆ ಕೇಳಬಹುದಾಗಿತ್ತು, ಆಯವ್ಯಯವನ್ನು ಕುರಿತು ಮಾತನಾಡಬಹುದಾಗಿತ್ತು. ಅದರ ಮೇಲೆ ಮತ ನೀಡುವ ಅಧಿಕಾರ ಅವರಿಗಿರಲಿಲ್ಲ.

ಗೋಖಲೆಯವರು ಸರ್ಕಾರದ ಲೆಕ್ಕಪತ್ರಗಳನ್ನೇ ಆಳವಾಗಿ ಅಭ್ಯಸಿಸಿದರು. ಬೊಕ್ಕಸದಲ್ಲಿ ಹಣ ಮಿಗುತ್ತಿರುವಾಗ ಬಡವರು ತಿನ್ನುವ ಉಪ್ಪಿನ ಮೇಲೆ ಅಷ್ಟು ಭಾರವಾದ ತೆರಿಗೆ ಸಲ್ಲದೆಂದು ಅಂಕಿಅಂಶಗಳ ಸಮೇತ ವಾದಿಸಿದರು. ಮಣಕ್ಕೆ ಎರಡೂವರೆ ರೂಪಾಯಿಯಷ್ಟಿದ್ದ ಆ ತೆರಿಗೆ ಹಂತಹಂತವಾಗಿ ತಗ್ಗಿ, 1907ರಲ್ಲಿ ಒಂದು ರೂಪಾಯಿಗೆ ಇಳಿಯಿತು.

ಪ್ರಾಥಮಿಕ ಶಿಕ್ಷಣವನ್ನು ಕ್ರಮೇಣ ಕಡ್ಡಾಯಗೊಳಿಸಬೇಕೆಂಬ ಮಸೂದೆಯನ್ನು ಅವರು 1911ರಲ್ಲಿ ಮಂಡಿಸಿದರು. ಖರ್ಚು ಹೆಚ್ಚೆಂದೂ ಕಾಲ ಪಕ್ವವಾಗಿಲ್ಲವೆಂದೂ ಸರ್ಕಾರ ವಿರೋಧಿಸಿತು. ಸ್ವದೇಶೀಯರಾದ ಕೆಲವು ಸದಸ್ಯರೂ ಅದನ್ನು ಬೆಂಬಲಿಸಲಿಲ್ಲ. ಸೋಲು ನಿಶ್ಚಿತವೆಂದು ಬಲ್ಲ ಗೋಖಲೆಯವರು ಹಿಂಜರಿಯದೆ ಮಸೂದೆಯನ್ನು ಮತಕ್ಕೆ ಹಾಕಿಸಿದರು. 1912ರ ಮಾರ್ಚ್ 19ರಂದು ಪರವಾಗಿ 13, ವಿರುದ್ಧವಾಗಿ 38 ಮತಗಳು ಬಂದವು.

1915ರಲ್ಲಿ ಅವರು ತೀರಿಕೊಂಡರು. 2009ರಲ್ಲಿ ಸ್ವತಂತ್ರ ಭಾರತದ ಸಂಸತ್ತು 6ರಿಂದ 14 ವರ್ಷದವರೆಗಿನ ಮಕ್ಕಳಿಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣದ ಹಕ್ಕನ್ನು ನೀಡುವ ಕಾಯಿದೆಯನ್ನು ಅಂಗೀಕರಿಸಿತು. ಅಂದು ಸೋತ ಆ 13 ಮತಗಳು ವ್ಯರ್ಥವಾಗಲಿಲ್ಲ.