ತಕ್ಕಡಿ ಹಿಡಿದು ಇತಿಹಾಸ ಓದಿದ ಡಿ.ಡಿ. ಕೋಸಾಂಬಿ

ಈ ಸಲದ ವ್ಯಕ್ತಿ ಪರಿಚಯ ಓದುವ ಮುಂಚೆ ಒಂದು ಸಣ್ಣ ಕೆಲಸ ಮಾಡಿ. ಜೇಬಿನಲ್ಲೋ ಕಂಪಾಸ್ ಪೆಟ್ಟಿಗೆಯಲ್ಲೋ ಒಂದು ಹಳೇ ನಾಣ್ಯ ಇದ್ದರೆ ತೆಗೆದು ಬೆರಳಿನಿಂದ ಸವರಿ ನೋಡಿ. ಹೊಸ ನಾಣ್ಯದ ಅಕ್ಷರ ಎದ್ದು ನಿಂತಿರುತ್ತೆ, ಹಳೆಯದರದ್ದು ಸವೆದು ನುಣುಪಾಗಿರುತ್ತೆ. ಸವೆದ ಲೋಹ ಎಲ್ಲಿ ಹೋಯಿತು? ಸಂತೆಯಲ್ಲಿ, ಅಂಗಡಿಯ ಗಲ್ಲಾದಲ್ಲಿ, ಬಸ್ ಕಂಡಕ್ಟರ ಚೀಲದಲ್ಲಿ, ಸಾವಿರಾರು ಕೈಗಳಲ್ಲಿ ಚೂರುಚೂರೇ ಉದುರಿಹೋಯಿತು. ಇದು ನಮಗೆಲ್ಲ ಗೊತ್ತಿರುವ ವಿಷಯವೇ. ಆದರೆ ಈ ಸವೆತವನ್ನೇ ಹಿಡಿದುಕೊಂಡು ಎರಡು ಸಾವಿರ ವರ್ಷಕ್ಕೂ ಹಿಂದಿನ ಇತಿಹಾಸವನ್ನು ಲೆಕ್ಕ ಹಾಕಿದವರು ಒಬ್ಬರಿದ್ದರು. ಅವರು ಇತಿಹಾಸದ ಮೇಷ್ಟ್ರಲ್ಲ, ಗಣಿತದ ಮೇಷ್ಟ್ರು. ಅವರೇ ದಾಮೋದರ ಧರ್ಮಾನಂದ ಕೋಸಾಂಬಿ.

ಕೋಸಾಂಬಿಯವರು ಹುಟ್ಟಿದ್ದು 1907ರ ಜುಲೈ 31ರಂದು, ಗೋವಾದಲ್ಲಿ. ಆಗ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. ತಂದೆ ಧರ್ಮಾನಂದ ಕೋಸಾಂಬಿ ಕೂಡ ಸಾಮಾನ್ಯರಲ್ಲ. ಬುದ್ಧನ ವಿಚಾರ ತಿಳಿಯಬೇಕೆಂಬ ಹಂಬಲದಿಂದ ಮನೆ ಬಿಟ್ಟು ಹೊರಟು, ಕಾಶಿ, ನೇಪಾಳ, ಸಿಂಹಳ, ಬರ್ಮಾ ಸುತ್ತಿ ಪಾಲಿ ಭಾಷೆ ಕಲಿತು ಬಂದವರು. ಮರಾಠಿಯಲ್ಲಿ ಬುದ್ಧನ ಚರಿತ್ರೆ ಬರೆದವರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು ಒಂದು ಪಾಲಿ ಗ್ರಂಥವನ್ನು ಶುದ್ಧಪಡಿಸಿ ಅಚ್ಚು ಹಾಕಿಸುವ ಕೆಲಸಕ್ಕೆ ಅವರನ್ನು ಕರೆಸಿಕೊಂಡಿದ್ದರು. 1918ರಲ್ಲಿ ಅಲ್ಲಿಗೆ ಹೋಗುವಾಗ ಮಗನನ್ನೂ ಕರೆದುಕೊಂಡು ಹೋದರು. ಹುಡುಗನಿಗೆ ಆಗ 11 ವರ್ಷ, ಹೆಚ್ಚುಕಡಿಮೆ ನಮ್ಮ ಆರನೇ ತರಗತಿಯವರ ವಯಸ್ಸು. ಅಲ್ಲಿಯ ಶಾಲೆಯಲ್ಲಿ ಓದಿ, ನಡುವೆ ಊರಿಗೆ ಬಂದುಹೋಗಿ, 1929ರಲ್ಲಿ ಹಾರ್ವರ್ಡ್‌ನಿಂದ ಅತ್ಯುನ್ನತ ಶ್ರೇಣಿಯಲ್ಲಿ ಪದವಿ ಪಡೆದರು. ಗಣಿತದ ಜೊತೆಗೆ ಗ್ರೀಕ್, ಲ್ಯಾಟಿನ್, ಫ್ರೆಂಚ್, ಜರ್ಮನ್, ಇಟಾಲಿಯನ್ ಭಾಷೆಗಳೂ ಬಂದವು.

ಅದೇ ವರ್ಷ ಭಾರತಕ್ಕೆ ಮರಳಿ ಮೊದಲು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ, ಆಮೇಲೆ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸಿದರು. 1933ರಲ್ಲಿ ಪುಣೆಯ ಫರ್ಗುಸನ್ ಕಾಲೇಜಿಗೆ ಬಂದರು. ಆಮೇಲೆ ಪುಣೆಯೇ ಅವರ ಊರಾಯಿತು.

ಇನ್ನು ನಾಣ್ಯದ ಕಥೆಗೆ ಬರೋಣ. ಕೋಸಾಂಬಿಯವರಿಗೆ ಸಂಖ್ಯಾಶಾಸ್ತ್ರ ಕಲಿಯಬೇಕೆನಿಸಿತು. ಬರೀ ಪುಸ್ತಕದ ಲೆಕ್ಕ ಮಾಡಿದರೆ ಅದು ತಲೆಗೆ ಹತ್ತುವುದಿಲ್ಲ, ನಿಜವಾದ ಒಂದು ಸಮಸ್ಯೆ ಬೇಕು ಅಂತ ಹುಡುಕಿದರು. ಸಿಕ್ಕಿದ್ದು ತಕ್ಷಶಿಲೆಯ ಹಳೆಯ ಬೆಳ್ಳಿ ನಾಣ್ಯಗಳು. ಇವನ್ನು ಮುದ್ರಾಂಕಿತ ನಾಣ್ಯಗಳು ಅಂತಾರೆ. ಇವುಗಳ ಮೇಲೆ ರಾಜನ ಹೆಸರಿಲ್ಲ, ಇಸವಿ ಇಲ್ಲ. ಸೂರ್ಯ, ಚಕ್ರ, ಪ್ರಾಣಿ, ಬೆಟ್ಟ ಇಂಥ ಗುರುತುಗಳನ್ನು ಒತ್ತಿರುತ್ತಾರೆ ಅಷ್ಟೆ. ಹಾಗಾದರೆ ಯಾವುದು ಮೊದಲಿನದು, ಯಾವುದು ಆಮೇಲಿನದು ಅಂತ ಹೇಳೋದು ಹೇಗೆ?

ಕೋಸಾಂಬಿ ತಕ್ಕಡಿ ತೆಗೆದುಕೊಂಡರು. ಅವರ ಲೆಕ್ಕ ಹೀಗಿತ್ತು. ಒಂದೇ ಅಳತೆಯಲ್ಲಿ ಮಾಡಿದ ನಾಣ್ಯಗಳು ಹೊಸದಾಗಿದ್ದಾಗ ತೂಕದಲ್ಲಿ ಹೆಚ್ಚುಕಡಿಮೆ ಸಮನಾಗಿರುತ್ತವೆ. ಆ ಕಾಲದ ಬೆಳ್ಳಿ ಕಾರ್ಷಾಪಣದ ತೂಕ 32 ಗುಲಗಂಜಿ. ಚಲಾವಣೆಗೆ ಬಿಟ್ಟ ಮೇಲೆ ವರ್ಷವರ್ಷವೂ ಸವೆಯುತ್ತವೆ. ಒಂದು ದಿನ ಯಾರೋ ಅವನ್ನು ಗಡಿಗೆಯಲ್ಲಿ ತುಂಬಿ ಹೂತಿಟ್ಟರೆ ಅಂದಿಗೆ ಎಲ್ಲದರ ಸವೆತವೂ ಒಟ್ಟಿಗೆ ನಿಲ್ಲುತ್ತದೆ. ಆದ್ದರಿಂದ ಒಂದೇ ಗಡಿಗೆಯ ನಾಣ್ಯಗಳಲ್ಲಿ ಯಾವ ಗುಂಪಿನ ಸರಾಸರಿ ತೂಕ ಕಡಿಮೆಯೋ ಅದು ಹೆಚ್ಚು ಕಾಲ ಕೈಯಿಂದ ಕೈಗೆ ತಿರುಗಿದ ಗುಂಪು, ಅಂದ್ರೆ ಹಳೆಯ ಗುಂಪು. ಒಂದೊಂದೇ ನಾಣ್ಯ ನೋಡಿದರೆ ಮೋಸ ಹೋಗಬಹುದು. ಗುಂಪು ಗುಂಪಾಗಿ ನೋಡಿದರೆ ಕ್ರಮ ಕಾಣುತ್ತದೆ.

ಇದು ನಿಜವೋ ಸುಳ್ಳೋ ಅಂತ ತಮ್ಮ ಕಾಲದ ಚಲಾವಣೆಯ ನಾಣ್ಯಗಳನ್ನೂ ತೂಗಿ ನೋಡಿದರು. ಅವುಗಳ ಮೇಲೆ ಇಸವಿ ಇರುತ್ತಲ್ಲ, ಉತ್ತರ ಸರಿಯೋ ತಪ್ಪೋ ಗೊತ್ತಾಗುತ್ತೆ. ಹಳೇ ಬೆಳ್ಳಿ ನಾಣ್ಯಗಳ ಹಿಂಬದಿಯಲ್ಲಿ ಚಿಕ್ಕಚಿಕ್ಕ ಗುರುತುಗಳಿದ್ದವು. ಅವು ಹೆಚ್ಚಿದಷ್ಟೂ ಸರಾಸರಿ ತೂಕ ಇಳಿಯುತ್ತಿತ್ತು. ಆಗಾಗ ನಾಣ್ಯವನ್ನು ಪರೀಕ್ಷೆ ಮಾಡಿದ ವ್ಯಾಪಾರಿಗಳು ಒತ್ತಿದ ಗುರುತುಗಳು ಇವು ಅಂತ ಅವರು ವಿವರಿಸಿದರು. ನೋಡಿ, ಮಾತಿಲ್ಲದ ನಾಣ್ಯ ತಕ್ಕಡಿಗೆ ಬಿದ್ದಾಗ ತನ್ನ ವಯಸ್ಸು ಹೇಳಿತು!

ಇಲ್ಲಿಗೆ ಬಿಟ್ಟಿದ್ದರೆ ಲೇಖನವೂ ಮುಗಿಯುತ್ತಿತ್ತು. ಆದರೆ ಒಂದು ಪ್ರಶ್ನೆಯ ಬಾಲ ಹಿಡಿದುಕೊಂಡು ಇನ್ನೊಂದು ಪ್ರಶ್ನೆ ಬಂತು. ಈ ನಾಣ್ಯ ಒತ್ತಿಸಿದ ದೊರೆಗಳು ಯಾರು? ಅದು ತಿಳಿಯಬೇಕಾದರೆ ಹಳೆಯ ಗ್ರಂಥ ಓದಬೇಕು. ಗ್ರಂಥ ಓದಲು ಸಂಸ್ಕೃತ ಚೆನ್ನಾಗಿ ಬರಬೇಕು. ಸರಿ, ಸಂಸ್ಕೃತ ಗಟ್ಟಿ ಮಾಡಿಕೊಳ್ಳಲು ಭರ್ತೃಹರಿಯ ನೀತಿ, ಶೃಂಗಾರ, ವೈರಾಗ್ಯ ಶತಕಗಳನ್ನು ಹಿಡಿದರು. ಅಲ್ಲಿ ನೋಡಿದರೆ ಒಂದು ಪ್ರತಿಯಲ್ಲಿರುವ ಶ್ಲೋಕ ಇನ್ನೊಂದರಲ್ಲಿಲ್ಲ, ಉತ್ತರದ ಪಾಠ ಒಂದು, ದಕ್ಷಿಣದ ಪಾಠ ಇನ್ನೊಂದು. ಶತಕ ಅಂದ್ರೆ ನೂರು, ಆದರೆ ಎಲ್ಲ ಪ್ರತಿಗಳ ಶ್ಲೋಕ ಕೂಡಿಸಿದರೆ ಮುನ್ನೂರು ದಾಟಿ ಎಲ್ಲೋ ಹೋಗುತ್ತೆ. ನೂರಾರು ಹಸ್ತಪ್ರತಿಗಳನ್ನು ಹೋಲಿಸಿ, ನಾಣ್ಯಗಳನ್ನು ಗುಂಪು ಮಾಡಿದ ಹಾಗೆ ಪ್ರತಿಗಳನ್ನೂ ಗುಂಪು ಮಾಡಿದರು. ಎಲ್ಲ ಗುಂಪುಗಳಲ್ಲೂ ನೆಲೆನಿಂತ ಸುಮಾರು 200 ಶ್ಲೋಕಗಳನ್ನು ಬೇರೆಯಾಗಿ ತೋರಿಸಿದರು. ಆ ಗ್ರಂಥ 1948ರಲ್ಲಿ ಹೊರಬಂತು. ಕಲಿಯಲು ಹೊರಟವರು ಪಂಡಿತರೂ ನೆಚ್ಚಿ ಬಳಸುವಂಥ ಪುಸ್ತಕ ಮಾಡಿಕೊಟ್ಟರು.

ಹೀಗೇ ಬಂಗಾಳದ ವಿದ್ಯಾಕರ ಎಂಬ ಬೌದ್ಧ ಪಂಡಿತ ಒಂಬೈನೂರು ವರ್ಷಗಳ ಹಿಂದೆ ಒಟ್ಟುಮಾಡಿದ್ದ ಸುಭಾಷಿತರತ್ನಕೋಶವನ್ನು ವಿ.ವಿ. ಗೋಖಲೆಯವರ ಜೊತೆ ಸೇರಿ 1957ರಲ್ಲಿ ಹೊರತಂದರು. ಇದರ ತಾಳೆಗರಿ ಪ್ರತಿ ಉಳಿದದ್ದು ಬಂಗಾಳದಲ್ಲಲ್ಲ, ದೂರದ ಟಿಬೆಟ್ಟಿನ ಮಠದಲ್ಲಿ. ರಾಹುಲ ಸಾಂಕೃತ್ಯಾಯನರು ಅಲ್ಲಿಗೆ ಹೋಗಿ ಫೋಟೋ ತೆಗೆದುಕೊಂಡು ಬಂದಿದ್ದರಿಂದ ಅದು ನಮ್ಮ ಕಾಲಕ್ಕೆ ಸಿಕ್ಕಿತು.

ಇಷ್ಟಾದರೂ ಗಣಿತ ಬಿಟ್ಟಿರಲಿಲ್ಲ. 1944ರಲ್ಲಿ ತಳಿಶಾಸ್ತ್ರಕ್ಕೆ ಉಪಯೋಗವಾಗುವ ಒಂದು ಸೂತ್ರ ಬರೆದರು. ಗಿಡದ ಎತ್ತರ, ಕಾಳಿನ ಬಣ್ಣ ಇಂಥ ಗುಣಗಳ ಜೀನ್‌ಗಳು ವರ್ಣತಂತುವಿನ ಮೇಲೆ ದಾರದಲ್ಲಿ ಮಣಿ ಪೋಣಿಸಿದ ಹಾಗೆ ಸಾಲಾಗಿರುತ್ತವೆ. ಮರಿಪೀಳಿಗೆಗೆ ಹೋಗುವಾಗ ಜೋಡಿ ದಾರಗಳು ಅಲ್ಲಲ್ಲಿ ತುಂಡಾಗಿ ಅದಲುಬದಲಾಗಿ ಸೇರುತ್ತವೆ. ಹತ್ತಿರದ ಮಣಿಗಳು ಜೊತೆಯಲ್ಲೇ ಉಳಿಯುತ್ತವೆ, ದೂರದವು ಅಗಲುತ್ತವೆ. ಒಂದು ಕಡೆ ತುಂಡಾದರೆ ಅದರ ಪಕ್ಕದಲ್ಲೇ ಮತ್ತೆ ತುಂಡಾಗೋದು ಕಡಿಮೆ. ಇದನ್ನೂ ಲೆಕ್ಕಕ್ಕೆ ಹಿಡಿದು, ಎಷ್ಟು ಸಲ ಅಗಲಿದವು ಎಂಬುದರಿಂದ ಎರಡು ಮಣಿಗಳ ನಡುವಿನ ದೂರ ಹೇಳುವ ಸೂತ್ರ ಅದು. ಭತ್ತದಂಥ ಬೆಳೆಗಳ ಜೀನ್ ನಕ್ಷೆ ಬರೆಯುವವರು ಇವತ್ತಿಗೂ ಕೋಸಾಂಬಿ ಸೂತ್ರ ಅಂತಲೇ ಕರೆದು ಅದನ್ನು ಬಳಸುತ್ತಾರೆ.

1945ರಲ್ಲಿ ಹೋಮಿ ಭಾಭಾ ಅವರು ಕರೆದದ್ದರಿಂದ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದರು. ಮನೆ ಪುಣೆಯಲ್ಲಿ, ಕೆಲಸ ಮುಂಬಯಿಯಲ್ಲಿ. ಡೆಕ್ಕನ್ ಕ್ವೀನ್ ರೈಲಿನಲ್ಲಿ ಓಡಾಟ. ರೈಲೇ ಅವರ ಓದುವ ಕೋಣೆಯಾಯಿತು.

ಬಿಡುವಿದ್ದಾಗ ಪುಣೆಯ ಸುತ್ತ ಗುಡ್ಡಗಳಲ್ಲಿ ನಡೆದಾಡುತ್ತಿದ್ದರು. ಹಾಗೆ ನಡೆಯುವಾಗ ನೆಲದ ಮೇಲೆ ಉಗುರಿನಷ್ಟು ಚಿಕ್ಕ ಕಲ್ಲಿನ ಚೂರುಗಳು ಕಂಡವು. ಅವು ಆದಿಮಾನವರು ಚೂಪು ಮಾಡಿಕೊಂಡಿದ್ದ ಸೂಕ್ಷ್ಮ ಶಿಲಾಯುಧಗಳು. ಕುರಿಗಾಹಿಗಳು ತಲೆತಲಾಂತರದಿಂದ ಹೋಗಿಬರುವ ದಾರಿ, ಊರಿಂದ ದೂರ ಒಂಟಿಯಾಗಿ ನಿಂತ ದೇವಿಯ ಗುಡಿ, ಈ ಕಲ್ಲುಚೂರುಗಳು ಎಷ್ಟೋ ಕಡೆ ಒಂದೇ ಜಾಗದಲ್ಲಿ ಸಿಕ್ಕವು. ಊರು ಕಟ್ಟುವ ಮೊದಲೇ ಅಲೆದಾಡುತ್ತಿದ್ದ ಜನ ಕೂಡುತ್ತಿದ್ದ ತಾಣಗಳೇ ಮುಂದೆ ದೇವರ ಜಾಗಗಳಾಗಿ ಉಳಿದಿರಬಹುದು ಅಂತ ಅವರು ಯೋಚಿಸಿದರು. ಹಳ್ಳಿಯ ಜನರ ಜೊತೆ ಕೂತು ಜಾತ್ರೆ, ಹರಕೆ, ಆಚರಣೆ ಎಲ್ಲ ಕೇಳಿ ಬರೆದುಕೊಂಡರು. ಅವರ ಕಣ್ಣಿಗೆ ಕುರಿಗಾಹಿಯೂ ತಾಳೆಗರಿಯಷ್ಟೇ ದೊಡ್ಡ ದಾಖಲೆ.

ಕಾರ್ಲೆ, ಜುನ್ನರ್ ಗುಹೆಗಳಿಗೂ ಅವರು ಮತ್ತೆ ಮತ್ತೆ ಹೋದರು. ಬೌದ್ಧ ಭಿಕ್ಷುಗಳ ಈ ಗುಹೆಗಳು ಘಟ್ಟ ಹತ್ತಿ ಇಳಿಯುವ ವ್ಯಾಪಾರದ ದಾರಿಗಳ ಹತ್ತಿರವೇ ಯಾಕಿವೆ? ಕಂಬಗಳ ಮೇಲೆ ದಾನ ಕೊಟ್ಟವರ ಹೆಸರು ಕೊರೆದಿದ್ದಾರೆ. ಧೇನುಕಾಕಟ ಎಂಬ ಊರಿನ ಯವನರೂ ಅದರಲ್ಲಿದ್ದಾರೆ. ಕಾರ್ಲೆಯ ದೊಡ್ಡ ಚೈತ್ಯವನ್ನು ಪೂರ್ತಿ ಮಾಡಿಸಿದವನು ವೈಜಯಂತಿಯ ಸೆಟ್ಟಿ ಭೂತಪಾಲ ಎಂದು ಅಲ್ಲಿಯ ಶಾಸನದಲ್ಲಿದೆ. ವೈಜಯಂತಿ ಅಂದರೆ ನಮ್ಮ ಉತ್ತರ ಕನ್ನಡದ ಬನವಾಸಿ ಅಂತ ವಿದ್ವಾಂಸರು ಗುರುತಿಸಿದ್ದಾರೆ. ಮಠಕ್ಕೂ ಮಾರುಕಟ್ಟೆಗೂ ಇದ್ದ ನಂಟನ್ನು ಕೋಸಾಂಬಿ ಇಂಥ ಹೆಸರುಗಳಿಂದಲೇ ಬಿಡಿಸಿ ತೋರಿಸಿದರು.

ಇದನ್ನೆಲ್ಲ ಕೂಡಿಸಿ 1956ರಲ್ಲಿ ಭಾರತದ ಇತಿಹಾಸವನ್ನು ಹೇಗೆ ಓದಬೇಕು ಎಂಬ ಬಗ್ಗೆ ಇಂಗ್ಲಿಷಿನಲ್ಲಿ ದೊಡ್ಡ ಪುಸ್ತಕ ಬರೆದರು. ಅದರಲ್ಲಿ ರಾಜರ ಪಟ್ಟಿ, ಯುದ್ಧದ ಇಸವಿಗಳು ಮುಖ್ಯವಲ್ಲ. ಜನ ಯಾವ ನೇಗಿಲು ಹಿಡಿದರು, ಯಾರು ಬೆಳೆದರು, ಯಾರು ಪಾಲು ತೆಗೆದುಕೊಂಡರು ಎಂಬುದು ಮುಖ್ಯ. ಮುಂದೆ ಬಂದ ಇತಿಹಾಸಕಾರರು ಅವರ ಕೆಲವು ಮಾತು ಒಪ್ಪಿದ್ದಾರೆ, ಕೆಲವನ್ನು ತಿದ್ದಿದ್ದಾರೆ. ಆದರೆ ಅವರು ಎತ್ತಿದ ಪ್ರಶ್ನೆಗಳನ್ನು ಯಾರೂ ಬದಿಗೆ ಸರಿಸಲಿಲ್ಲ.

ಗೆಳೆಯರೇ, ದೊಡ್ಡವರ ಕಥೆ ಬರೆಯುವಾಗ ಬರೀ ಹೊಗಳಿ ಮುಗಿಸೋದು ಸುಲಭ. ಕೋಸಾಂಬಿಯವರ ಸೋಲನ್ನೂ ಹೇಳಬೇಕು. 2, 3, 5, 7, 11 ಹೀಗೆ ಅವಿಭಾಜ್ಯ ಸಂಖ್ಯೆಗಳು ಗೊತ್ತಲ್ಲ. ಅವುಗಳ ಹರಡಿಕೆಗೆ ಸಂಬಂಧಪಟ್ಟ ರೀಮಾನ್ ಊಹೆ ಎಂಬ ಕಠಿಣ ಸಮಸ್ಯೆ 1859ರಿಂದ ಇದೆ, ಇವತ್ತಿಗೂ ಬಿಡಿಸಿಲ್ಲ. ಅದನ್ನು ಬಿಡಿಸಿದ್ದೇನೆ ಎಂದು ಕೋಸಾಂಬಿ 1959ರಲ್ಲಿ ಕೃಷಿ ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ ಬರೆದರು. ಅದು ತಪ್ಪಾಗಿತ್ತು. ಗಣಿತಜ್ಞರ ನಡುವೆ ಅವರ ಹೆಸರಿಗೆ ಪೆಟ್ಟು ಬಿತ್ತು. ಅವರ ನಾಲಿಗೆಯೂ ಚುರುಕು, ಯಾರ ಮುಲಾಜೂ ಇರಲಿಲ್ಲ. ಅಣುಬಾಂಬು ಬೇಡವೆಂದು ಶಾಂತಿ ಚಳವಳಿಯಲ್ಲಿದ್ದರು. ನಮ್ಮ ದೇಶಕ್ಕೆ ಅಣುಶಕ್ತಿಗಿಂತ ಬಿಸಿಲಿನ ಶಕ್ತಿ ಒಳ್ಳೆಯದು ಅಂತ ವಾದಿಸುತ್ತಿದ್ದರು. ಅಣುಶಕ್ತಿಯ ಕೆಲಸಕ್ಕೇ ಮುಂದಾಳಾಗಿದ್ದ ಭಾಭಾ ಅವರಿಗೂ ಇವರಿಗೂ ಸರಿಹೋಗಲಿಲ್ಲ. 1962ರಲ್ಲಿ ಸಂಸ್ಥೆಯ ಕೆಲಸ ಹೋಯಿತು.

ಕೆಲಸ ಹೋದರೂ ಪ್ರಶ್ನೆ ಕೇಳುವುದು ನಿಲ್ಲಲಿಲ್ಲ. 1962ರಲ್ಲೇ ಹಳ್ಳಿಯ ದೇವರುಗಳು ಮತ್ತು ಪುರಾಣಗಳ ಮೇಲಿನ ಲೇಖನಗಳ ಪುಸ್ತಕ ಬಂತು. 1965ರಲ್ಲಿ ಪ್ರಾಚೀನ ಭಾರತದ ಸಂಸ್ಕೃತಿಯ ಬಗ್ಗೆ ಎಲ್ಲರಿಗೂ ತಿಳಿಯುವಂತೆ ಇನ್ನೊಂದು ಪುಸ್ತಕ ಬರೆದರು. 1966ರ ಜೂನ್ 29ರಂದು ಪುಣೆಯ ಮನೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡರು. 59 ತುಂಬಲು ಇನ್ನೂ ಒಂದು ತಿಂಗಳಿತ್ತು. 2008ರ ಜುಲೈ 31ರಂದು ಅಂಚೆ ಇಲಾಖೆ ಅವರ ಚಿತ್ರದ ಸ್ಟಾಂಪು ಹೊರಡಿಸಿತು.

ಇವರ ಕಥೆಯನ್ನು ಈಗ ಯಾಕೆ ಬರೆದದ್ದು ಅಂದ್ರೆ, ಹತ್ತನೇ ತರಗತಿಯವರಿಗೆ ಎಲ್ಲರೂ ಕೇಳೋದು ಒಂದೇ: ಮುಂದೆ ಆರ್ಟ್ಸಾ, ಕಾಮರ್ಸಾ, ಸೈನ್ಸಾ? ಏನಾದರೂ ಒಂದು ತೆಗೆದುಕೊಳ್ಳಲೇಬೇಕು, ಅದು ಸರಿ. ಆದರೆ ಸೈನ್ಸ್ ತೆಗೆದುಕೊಂಡೆ, ನನಗಿನ್ನು ಇತಿಹಾಸ ಬೇಡ ಅನ್ನೋದೂ, ಆರ್ಟ್ಸ್ ತೆಗೆದುಕೊಂಡೆ, ಲೆಕ್ಕ ನನ್ನ ತಲೆಗೆ ಹತ್ತೋದಿಲ್ಲ ಅನ್ನೋದೂ ಸರಿಯಲ್ಲ. ವಿಷಯಗಳ ನಡುವಿನ ಬೇಲಿ ನಾವು ಹಾಕಿಕೊಂಡದ್ದು. ಪ್ರಶ್ನೆಗೆ ಬೇಲಿ ಇಲ್ಲ. ಕೋಸಾಂಬಿಯವರು ಹೆಸರು ಮಾಡಬೇಕೆಂದು ಹತ್ತು ವಿಷಯ ಓದಲಿಲ್ಲ. ಒಂದು ಪ್ರಶ್ನೆಯ ಹಿಂದೆ ಪ್ರಾಮಾಣಿಕವಾಗಿ ಹೋದರು. ದಾರಿಯಲ್ಲಿ ಯಾವ ವಿದ್ಯೆ ಬೇಕಾಯಿತೋ ಅದನ್ನು ಮೊದಲಿನಿಂದ ಕಲಿತರು. ನಮಗೆ ಬರೋದಿಲ್ಲ ಅಂತ ಹಿಂದೆ ಸರಿಯಲಿಲ್ಲ.

ಕೊನೆಗೆ ಒಂದು ಸೂಚನೆ. ಒಂದೇ ಬಗೆಯ ಎರಡು ರೂಪಾಯಿ ನಾಣ್ಯಗಳನ್ನು ಎಲ್ಲರೂ ಸೇರಿ ಕೂಡಿಸೋಣ. ಟಂಕಸಾಲೆಯವರು ನಡುನಡುವೆ ಅಳತೆ ಬದಲಿಸಿದ್ದಾರೆ, ಆದ್ದರಿಂದ ಬೇರೆ ಬಗೆಯವನ್ನು ಬೆರೆಸಬೇಡಿ. ಇಸವಿಯ ಪ್ರಕಾರ ಗುಂಪು ಮಾಡಿ, ಅಕ್ಕಸಾಲಿಗರ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಸರಾಸರಿ ತೆಗೆಯೋಣ. ಹಳೆಯವು ನಿಜವಾಗಲೂ ಹಗುರವೋ ಅಲ್ಲವೋ, ಬಂದ ಉತ್ತರವನ್ನು ಬಂದ ಹಾಗೇ ಬರೆದು ಇದೇ ಗೋಡೆಯ ಮೇಲೆ ಅಂಟಿಸೋಣ.