ಕವಿಯೂ ಕುಶಲಕರ್ಮಿಯೂ ಆದ ವಿಲಿಯಂ ಮಾರಿಸ್

ಒಂದೇ ಕೆಲಸದಲ್ಲಿ ನೆಲೆನಿಂತವನು ಮಾತ್ರ ಮೇಲೇರುವನು, ಹಲವಕ್ಕೆ ಕೈಹಾಕುವವನು ಯಾವುದರಲ್ಲಿಯೂ ಪರಿಪೂರ್ಣನಾಗಲಾರನು ಎಂಬುದು ಹಿರಿಯರ ಅಭಿಪ್ರಾಯ. ಬಹುಮಟ್ಟಿಗೆ ಇದು ನಿಜವೇ ಸರಿ. ಆದರೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಾಳಿದ ವಿಲಿಯಂ ಮಾರಿಸನು ಈ ನಿಯಮಕ್ಕೆ ಅಪವಾದವಾದನು. ಕವಿತೆ, ಕಸೂತಿ, ನೆಯ್ಗೆ, ಬಣ್ಣಗಾರಿಕೆ, ಮುದ್ರಣ, ಬಣ್ಣದ ಗಾಜಿನ ಕಿಟಕಿಗಳ ನಿರ್ಮಾಣ, ಇವೆಲ್ಲವೂ ಆತನಿಗೆ ಪ್ರಿಯವಾಗಿದ್ದುವು. ಒಂದು ಕೆಲಸದಿಂದ ದಣಿದಾಗ ಮತ್ತೊಂದನ್ನು ಕೈಗೆತ್ತಿಕೊಳ್ಳುವುದೇ ಆತನ ವಿಶ್ರಾಂತಿಯಾಗಿತ್ತು. ಇಂತಹ ಪುರುಷನ ಚರಿತ್ರೆಯನ್ನು ಸಂಕ್ಷೇಪವಾಗಿ ನಮ್ಮ ವಾಚಕರ ಮುಂದಿಡುವೆವು.

ಮಾರಿಸನು 1834ನೆಯ ಇಸವಿ ಮಾರ್ಚಿ 24ನೆಯ ತಾರೀಖು ಲಂಡನ್ನಿನ ಸಮೀಪದ ವಾಲ್ಥಮ್‌ಸ್ಟೋ ಎಂಬಲ್ಲಿ ಜನಿಸಿದನು. ತಂದೆಯು ಲಂಡನ್ನಿನಲ್ಲಿ ಹಣಕಾಸಿನ ದಲ್ಲಾಳಿಯಾಗಿದ್ದನು. ತಾಮ್ರದ ಗಣಿಯೊಂದರ ಪಾಲುಗಳಿಂದ ಆ ಮನೆತನಕ್ಕೆ ಐಶ್ವರ್ಯವು ಒದಗಿತು. ಬಾಲಕನಿಗೆ ಹದಿಮೂರು ವರುಷವಾದಾಗ ತಂದೆಯು ತೀರಿಕೊಂಡನು. ಮಗನು ಸಭಾಪಾಲಕನಾಗಬೇಕೆಂಬುದು ತಾಯಿಯ ಆಸೆ. ಅದೇ ಉದ್ದೇಶದಿಂದ ಆತನು 1853ರಲ್ಲಿ ಆಕ್ಸ್‌ಫರ್ಡಿನ ಎಕ್ಸೆಟರ್ ಕಾಲೇಜನ್ನು ಸೇರಿದನು. ಅಲ್ಲಿ ಎಡ್ವರ್ಡ್ ಬರ್ನ್-ಜೋನ್ಸ್ ಎಂಬ ಬಡ ತರುಣನ ಸ್ನೇಹವಾಯಿತು. ಈ ಸ್ನೇಹವು ಮರಣಪರ್ಯಂತ ಅಚಲವಾಗಿ ನಿಂತಿತು.

1855ರಲ್ಲಿ ಗೆಳೆಯರು ಉತ್ತರ ಫ್ರಾನ್ಸಿಗೆ ಹೋಗಿ, ಆಮಿಯಾ, ಷಾರ್ತ್ರ್, ರುವಾ ಮುಂತಾದ ಊರುಗಳ ಪ್ರಾಚೀನ ಮಹಾದೇವಾಲಯಗಳನ್ನು ಕಂಡರು. ಕಿಟಕಿಯ ಗಾಜುಗಳಿಂದ ಸೋಸಿ ಬಂದ ಬಿಸಿಲು ಕಲ್ಲಿನ ನೆಲದ ಮೇಲೆ ಕೆಂಪಾಗಿಯೂ ನೀಲಿಯಾಗಿಯೂ ಹರಡಿರುವುದನ್ನು ನೋಡಿದವರ ಮನಸ್ಸು ಹೇಗೆ ತಾನೇ ಕರಗದಿರುವುದು? ಆ ಪ್ರವಾಸದಲ್ಲಿಯೇ ಬರ್ನ್-ಜೋನ್ಸನು ಚಿತ್ರಕಾರನಾಗಲು, ಮಾರಿಸನು ವಾಸ್ತುಶಿಲ್ಪಿಯಾಗಲು ನಿಶ್ಚಯಿಸಿದರು. ಮಗನ ನಿರ್ಧಾರವು ತಾಯಿಗೆ ಬಹಳ ನೋವನ್ನುಂಟುಮಾಡಿತು. ಆತನು ವಿನಯದಿಂದ ಪತ್ರ ಬರೆದು ತನ್ನ ಮನಸ್ಸನ್ನು ಆಕೆಗೆ ತಿಳಿಯಪಡಿಸಿದನು.

ವಾಸ್ತುಶಿಲ್ಪದ ಅಭ್ಯಾಸವು ಬಹುಕಾಲ ನಡೆಯಲಿಲ್ಲ. 1859ರಲ್ಲಿ ಆತನು ಕುದುರೆಲಾಯದ ಕೆಲಸಗಾರನೊಬ್ಬನ ಮಗಳಾದ ಜೇನ್ ಬರ್ಡನ್ ಎಂಬಾಕೆಯನ್ನು ಮದುವೆಯಾದನು. ಮಿತ್ರನಾದ ಫಿಲಿಪ್ ವೆಬ್ಬನು ಈ ದಂಪತಿಗಳಿಗಾಗಿ ಕೆಂಪು ಇಟ್ಟಿಗೆಯ ಮನೆಯೊಂದನ್ನು ರಚಿಸಿದನು. ಮನೆಯೇನೋ ಸಿದ್ಧವಾಯಿತು, ಆದರೆ ಅದಕ್ಕೆ ಒಪ್ಪುವ ಪೀಠೋಪಕರಣಗಳಾಗಲಿ ಪರದೆಗಳಾಗಲಿ ಪೇಟೆಯಲ್ಲಿ ದೊರೆಯಲಿಲ್ಲ. ಗೆಳೆಯರೆಲ್ಲರೂ ಕೂಡಿ ತಾವೇ ಅವನ್ನು ಮಾಡತೊಡಗಿದರು. ಹಳೆಯ ಕಸೂತಿಗಳ ಹೊಲಿಗೆಗಳನ್ನು ಬಿಚ್ಚಿ ನೋಡಿ ಮಾರಿಸನು ಆ ವಿದ್ಯೆಯನ್ನು ತಾನಾಗಿ ಕಲಿತು, ಹೆಂಡತಿಗೂ ಕಲಿಸಿದನು. ಮನೆಗಾಗಿ ಹುಟ್ಟಿದ ಈ ವಿನೋದವೇ 1861ರಲ್ಲಿ ಏಳು ಮಂದಿ ಪಾಲುದಾರರ ಒಂದು ಕಂಪೆನಿಯಾಯಿತು. ಒಬ್ಬೊಬ್ಬರೂ ಒಂದು ಪೌಂಡು ಹಾಕಿದರು. ನೂರು ಪೌಂಡುಗಳನ್ನು ಮಾರಿಸನ ತಾಯಿಯು ಸಾಲವಾಗಿ ಕೊಟ್ಟಳು. ಸಭಾಪಾಲಕನಾಗದ ಮಗನು ದೇವಾಲಯಗಳ ಕಿಟಕಿಗಳನ್ನು ಅಲಂಕರಿಸಲು ಆ ತಾಯಿಯೇ ನೆರವಾದಳು.

ಲಂಡನ್ನಿನ ರೆಡ್ ಲಯನ್ ಚೌಕದ ಮನೆಯೊಂದರ ನೆಲಮಾಳಿಗೆಯಲ್ಲಿ ಅವರು ಚಿಕ್ಕದೊಂದು ಆವಿಗೆಯನ್ನು ಕಟ್ಟಿದರು. ಅನಾಥ ಬಾಲಕರ ಆಶ್ರಮದಿಂದ ಹುಡುಗರನ್ನು ಕರೆತಂದು ಕೆಲಸ ಕಲಿಸಿದರು. ಪಾಲುದಾರರ ಅಕ್ಕತಂಗಿಯರೂ ಪತ್ನಿಯರೂ ಕಸೂತಿಯಲ್ಲಿಯೂ ಬಿಲ್ಲೆಗಳಿಗೆ ಬಣ್ಣ ಹಾಕುವುದರಲ್ಲಿಯೂ ಕೈಜೋಡಿಸಿದರು.

ಬಣ್ಣದ ಗಾಜಿನ ಚಿತ್ರವೆಂದರೆ ಬಿಳಿಯ ಗಾಜಿನ ಮೇಲೆ ಬಣ್ಣ ಬಳಿದದ್ದೆಂದು ಹಲವರು ಭಾವಿಸುವುದುಂಟು. ವಾಸ್ತವವು ಹಾಗಲ್ಲ. ಕರಗಿದ ಗಾಜಿನಲ್ಲಿಯೇ ಲೋಹದ ಭಸ್ಮಗಳನ್ನು ಬೆರೆಸುವುದರಿಂದ ಬಣ್ಣವು ಗಾಜಿನ ಮೈಯೆಲ್ಲಾ ವ್ಯಾಪಿಸುವುದು. ಕೋಬಾಲ್ಟಿನಿಂದ ನೀಲಿಯೂ ತಾಮ್ರದಿಂದ ಕೆಂಪೂ ಹಸುರೂ ದೊರೆಯುವುವು. ಮೊದಲು ಕಿಟಕಿಯ ಅಳತೆಗೆ ಸರಿಯಾದ ಚಿತ್ರವನ್ನು ಕಾಗದದ ಮೇಲೆ ಬರೆದು, ಅದರ ಗೆರೆಗಳಂತೆ ಗಾಜನ್ನು ಕತ್ತರಿಸುವರು. ಮುಖದ ರೇಖೆ, ಬಟ್ಟೆಯ ಮಡಿಕೆ ಇವನ್ನು ಕಪ್ಪು ಬಣ್ಣದಿಂದ ಬರೆದು ಆವಿಗೆಯಲ್ಲಿ ಸುಟ್ಟರೆ ಅವು ಗಾಜಿನೊಡನೆ ಒಂದಾಗುವುವು. ಕಡೆಗೆ ತುಂಡುಗಳನ್ನು ಸೀಸದ ಪಟ್ಟಿಗಳಿಂದ ಕೂಡಿಸಿ ಬೆಸುಗೆ ಹಾಕುವರು. ಸೀಸದ ಕಪ್ಪು ಗೆರೆಯು ದೋಷವಲ್ಲ, ಅದು ಚಿತ್ರದ ಎಲುಬು. ಅದನ್ನು ಎಲ್ಲೆಲ್ಲಿ ಎಳೆಯಬೇಕು, ಯಾವ ಬಣ್ಣದ ಪಕ್ಕದಲ್ಲಿ ಯಾವ ಬಣ್ಣವನ್ನಿಡಬೇಕು ಎಂಬ ವಿವೇಚನೆಯಲ್ಲಿ ಮಾರಿಸನಿಗೆ ಸರಿಸಮಾನರು ವಿರಳ. ಆಕೃತಿಗಳನ್ನು ಹೆಚ್ಚಾಗಿ ಬರ್ನ್-ಜೋನ್ಸನು ಬರೆಯುವನು. ಬಣ್ಣಗಳ ಆಯ್ಕೆಯನ್ನು ಮಾರಿಸನು ತಾನೇ ವಹಿಸಿಕೊಳ್ಳುವನು.

1862ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಇವರ ಗಾಜಿಗೆ ಪದಕವು ಬಂದಿತು. ಇವು ಹಳೆಯ ಗಾಜಿಗೆ ಹೊಳಪು ಕೊಟ್ಟು ಮಾಡಿದ ಚಿತ್ರಗಳೆಂದು ಪ್ರತಿಸ್ಪರ್ಧಿಗಳು ದೂರಿದರಂತೆ! ನಿಂದೆಯಾಗಿ ಹೇಳಿದ್ದು ಮೆಚ್ಚಿಕೆಯೇ ಆಯಿತು. ಆ ಬಳಿಕ ಸೆಲ್ಸ್ಲಿ, ಸ್ಕಾರ್‌ಬರೋ ಮುಂತಾದ ಊರುಗಳ ಹೊಸ ದೇವಾಲಯಗಳಿಗೆ ಕಿಟಕಿಗಳು ಸಿದ್ಧವಾದುವು. ನಮ್ಮ ದೇಶಕ್ಕೂ ಒಂದು ಬಂದಿತು. 1872ರಲ್ಲಿ ಅಂಡಮಾನಿನಲ್ಲಿ ಕೊಲೆಯಾದ ವೈಸರಾಯ್ ಮೇಯೋ ಪ್ರಭುವಿನ ಸ್ಮಾರಕವಾಗಿ ಕಲ್ಕತ್ತೆಯ ಸಂತ ಪೌಲನ ಮಹಾದೇವಾಲಯದ ಪಶ್ಚಿಮದ ಕಿಟಕಿಯನ್ನು ಬರ್ನ್-ಜೋನ್ಸನು ರಚಿಸಿದನು. ಬೆಂಗಳೂರಿನ ಮೇಯೋ ಹಾಲ್ ಎಂಬ ಕಟ್ಟಡವೂ ಅದೇ ಪ್ರಭುವಿನ ಹೆಸರನ್ನು ಹೊತ್ತಿದೆ.

ಗಾಜಿನ ಕೆಲಸದ ನಡುವೆಯೇ ಮಾರಿಸನು 1868ರಿಂದ 1870ರವರೆಗೆ ತನ್ನ ಹಿರಿಯ ಕಥನಕಾವ್ಯವನ್ನು ಪ್ರಕಟಿಸಿ ಕವಿಯೆಂದು ಪ್ರಸಿದ್ಧನಾದನು. 1871ರಲ್ಲಿಯೂ 1873ರಲ್ಲಿಯೂ ಐಸ್‌ಲೆಂಡಿಗೆ ಪಯಣ ಮಾಡಿದನು. ಭಾರತದ ಕಾಡುರೇಷ್ಮೆಗಳನ್ನು ಕುರಿತು ಸಂಶೋಧನೆ ನಡೆಸಿದ ಥಾಮಸ್ ವಾರ್ಡಲನ ಬಣ್ಣದ ಕಾರ್ಖಾನೆಯಲ್ಲಿ ತಾನೇ ನಿಂತು, ನೀಲಿಯ ತೊಟ್ಟಿಯಲ್ಲಿ ತೋಳುಗಳನ್ನು ಅದ್ದಿ, ಕೈಯೆಲ್ಲಾ ನೀಲಿಯಾಗಿ ಹಿಂದಿರುಗುವನು. 1879ರಲ್ಲಿ ಮಲಗುವ ಕೋಣೆಯಲ್ಲಿಯೇ ಮಗ್ಗವನ್ನು ಹೂಡಿ, ಬೆಳಗಿನ ಜಾವದಲ್ಲೆದ್ದು, 516 ಗಂಟೆಗಳಲ್ಲಿ ತನ್ನ ಮೊದಲನೆಯ ಚಿತ್ರವಸ್ತ್ರವನ್ನು ನೆಯ್ದು ಮುಗಿಸಿದನು.

ಇಷ್ಟಾದರೂ ಆತನ ಜೀವಿತವು ಸುಖದ ಹಾದಿಯಾಗಿರಲಿಲ್ಲ. ಗಣಿಯ ವರಮಾನವು ಇಳಿಯುತ್ತ ಬಂದಿತು. 1876ರಲ್ಲಿ, ಓದಿನಲ್ಲಿ ಮುಂದಾಗಿದ್ದ ಹಿರಿಯ ಮಗಳು ಜೆನ್ನಿಯು ಅಪಸ್ಮಾರದಿಂದ ಪೀಡಿತಳಾದಳು. ಆಕೆಯ ಉನ್ನತ ವಿದ್ಯಾಭ್ಯಾಸದ ಆಸೆಯು ಅಲ್ಲಿಗೇ ಮುರಿಯಿತು. ಇಂತಹ ಸಮಯದಲ್ಲಿಯೇ ಆತನ ಮನಸ್ಸಾಕ್ಷಿಗೆ ಕಠಿಣವಾದ ಪರೀಕ್ಷೆಯು ಒದಗಿತು. ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ಪ್ರಾಚೀನ ದೇವಾಲಯಗಳ ಹಳೆಯ ಕಲ್ಲುಕೆಲಸವನ್ನು ಕೆರೆದು ಕಿತ್ತು ಹೊಸದು ಮಾಡುವುದು ಆಗ ರೂಢಿಯಾಗಿತ್ತು. ಇದನ್ನು ಸಹಿಸಲಾರದೆ ಮಾರಿಸನು 1877ರಲ್ಲಿ ಪುರಾತನ ಕಟ್ಟಡಗಳ ರಕ್ಷಣೆಗಾಗಿ ಒಂದು ಸಂಘವನ್ನು ಸ್ಥಾಪಿಸಿದನು. ಆದರೆ ಅಂತಹ ಜೀರ್ಣೋದ್ಧಾರದ ಜೊತೆಯಲ್ಲಿಯೇ ಹೊಸ ಕಿಟಕಿಗಳಿಗೂ ಬೇಡಿಕೆ ಬರುತ್ತಿತ್ತು. ಪರರನ್ನು ಖಂಡಿಸುತ್ತ ತಾನು ಅದರಿಂದಲೇ ಲಾಭ ಪಡೆಯುವುದು ಹೇಗೆ? ಇನ್ನು ಮುಂದೆ ಪ್ರಾಚೀನ ದೇವಾಲಯಗಳಿಗೆ ಹೊಸ ಗಾಜನ್ನು ಒದಗಿಸುವುದಿಲ್ಲವೆಂದು ಆತನು ಪ್ರಕಟಿಸಿದನು. ಕೆಲವು ಕೆಲಸಗಳಲ್ಲಿ ಈ ನಿಯಮವು ಸಡಿಲಗೊಂಡುದುಂಟು. ಆದರೂ ಕಂಪೆನಿಯ ಮುಖ್ಯ ಜೀವನೋಪಾಯವೊಂದನ್ನು ತತ್ವಕ್ಕಾಗಿ ಮೊಟಕುಮಾಡಿಕೊಳ್ಳುವುದು ಸಾಮಾನ್ಯರಿಂದಾಗುವ ಕೆಲಸವಲ್ಲ.

ತಾನು ಮಾಡಿದ ಸುಂದರ ವಸ್ತುಗಳನ್ನು ಧನಿಕರು ಮಾತ್ರ ಕೊಳ್ಳಬಲ್ಲರೆಂಬ ವ್ಯಥೆಯೂ ಆತನನ್ನು ಕಾಡಿತು. 1883ರಿಂದ ಸಮತಾವಾದಿಗಳ ಜೊತೆಗೂಡಿ ಬೀದಿಬೀದಿಗಳಲ್ಲಿ ಶ್ರಮಜೀವಿಗಳ ಪರವಾಗಿ ಭಾಷಣ ಮಾಡಿದನು. 1891ರಲ್ಲಿ ಕೆಲ್ಮ್‌ಸ್ಕಾಟ್ ಮುದ್ರಣಾಲಯವನ್ನು ತೆರೆದು, ಅಕ್ಷರಗಳನ್ನು ತಾನೇ ರೂಪಿಸಿದನು. ಬರ್ನ್-ಜೋನ್ಸನ 87 ಚಿತ್ರಗಳುಳ್ಳ ಚಾಸರ್ ಕವಿಯ ಗ್ರಂಥವು 1896ರ ಬೇಸಗೆಯಲ್ಲಿ ಆತನ ಕೈಸೇರಿತು. ಅದೇ ವರುಷ ಅಕ್ಟೋಬರ್ 3ನೆಯ ತಾರೀಖು ತನ್ನ ಅರುವತ್ತೆರಡನೆಯ ವಯಸ್ಸಿನಲ್ಲಿ ಆತನು ಕಾಲವಾದನು. ಬಳ್ಳಿಗಳಿಂದ ಸಿಂಗರಿಸಿದ ರೈತನ ಬಂಡಿಯಲ್ಲಿ ಆತನ ದೇಹವನ್ನು ಕೆಲ್ಮ್‌ಸ್ಕಾಟ್ ಗ್ರಾಮದ ದೇವಾಲಯಕ್ಕೆ ಒಯ್ದು ಸಮಾಧಿಮಾಡಿದರು.

ಕಿರಿಯ ಮಗಳಾದ ಮೇ ಎಂಬವಳು ತಂದೆಯ ಹೆಸರನ್ನು ಉಳಿಸಿದಳು. ಇಪ್ಪತ್ತಮೂರರ ಪ್ರಾಯದಲ್ಲಿಯೇ, 1885ರಲ್ಲಿ, ಕಂಪೆನಿಯ ಕಸೂತಿ ಶಾಖೆಯ ಮುಖ್ಯಸ್ಥೆಯಾದಳು. ಕಲೆಗಾರರ ಸಂಘವು ಸ್ತ್ರೀಯರನ್ನು ಸೇರಿಸಿಕೊಳ್ಳದಿರಲು, 1907ರಲ್ಲಿ ಸ್ತ್ರೀಯರದೇ ಒಂದು ಕಲಾಸಂಘವನ್ನು ಕಟ್ಟುವುದರಲ್ಲಿ ಮುಂದಾಳಾದಳು. ತಂದೆಯ ಬರಹಗಳನ್ನೆಲ್ಲ 24 ಸಂಪುಟಗಳಲ್ಲಿ ಸಂಪಾದಿಸಿದಳು.

ಈ ಚರಿತ್ರೆಯನ್ನು ಓದುವ ಸೋದರಿಯರಲ್ಲಿ ಅನೇಕರು ಶಾಲೆಯಲ್ಲಿ ಕಲಿತ ಕಸೂತಿಯನ್ನೋ ಚಿತ್ರಲೇಖನವನ್ನೋ ಸಂಸಾರದ ಭಾರದಿಂದ ಕೈಬಿಟ್ಟಿರಬಹುದು. ಪೆಟ್ಟಿಗೆಯ ಮೂಲೆಯಲ್ಲಿರುವ ಆ ಸೂಜಿದಾರಗಳನ್ನು ಮತ್ತೊಮ್ಮೆ ಹೊರಗೆ ತೆಗೆಯಲಿ. ತಂದೆತಾಯಿಗಳೂ ತಮ್ಮ ಮಗಳ ಇಂತಹ ಹವ್ಯಾಸವನ್ನು ಕಾಲಹರಣವೆಂದು ತಿರಸ್ಕರಿಸದಿರಲಿ. ಸ್ವಂತ ಮನೆಯ ಪರದೆಗಾಗಿ ಹೊಲಿದ ಹೊಲಿಗೆಯಿಂದಲೇ ಮಾರಿಸನ ಉದ್ಯೋಗವೆಲ್ಲವೂ ಮೊದಲಾಯಿತು.